ವಿಶ್ರಾಂತಿಯಲ್ಲಿರುವ ದೇಹದ ಲೆಕ್ಕ

ನಾವು ಸುಮ್ಮನೆ ಮಲಗಿದ್ದರೂ ನಮ್ಮ ದೇಹ ಸುಮ್ಮನಿರುವುದಿಲ್ಲ. ಹೃದಯ, ಮೆದುಳು, ಯಕೃತ್ತು, ಮೂತ್ರಪಿಂಡಗಳು ದುಡಿಯುತ್ತಲೇ ಇರುತ್ತವೆ. ಅದಕ್ಕೆ ಬೇಕಾಗುವ ಶಕ್ತಿ ಎಷ್ಟು? ಈ ಪ್ರಶ್ನೆಗೆ ಇನ್ನೂರು ವರ್ಷಗಳಿಗೂ ಮಿಕ್ಕಿದ ಇತಿಹಾಸವಿದೆ.

1790ರ ಸುಮಾರಿಗೆ ಫ್ರಾನ್ಸಿನ ಲಾವೋಸಿಯೆ ಅವರು ತಮ್ಮ ಸಹಾಯಕನ ಮುಖಕ್ಕೆ ಮುಖವಾಡ ತೊಡಿಸಿ, ಆತ ಬಳಸುವ ಆಮ್ಲಜನಕವನ್ನು ಅಳೆದರು. ಊಟವಾದ ಮೇಲೆ ಹೆಚ್ಚು, ಚಳಿಯಲ್ಲಿ ಹೆಚ್ಚು, ಕೆಲಸ ಮಾಡುವಾಗ ಇನ್ನೂ ಹೆಚ್ಚು. ಈ ಪ್ರಯೋಗದ ಚಿತ್ರ ಬರೆದವರು ಅವರ ಪತ್ನಿ. ಮೇಜಿನ ಬಳಿ ಕುಳಿತು ಟಿಪ್ಪಣಿ ಬರೆಯುತ್ತಿರುವ ತಮ್ಮನ್ನೂ ಅವರು ಅದರಲ್ಲಿ ಚಿತ್ರಿಸಿದ್ದಾರೆ. ನಮ್ಮ ಹೆಣ್ಣುಮಕ್ಕಳು ಇದನ್ನು ಗಮನಿಸಲಿ. 1794ರಲ್ಲಿ ಕ್ರಾಂತಿಯ ಸರಕಾರ ಲಾವೋಸಿಯೆ ಅವರಿಗೆ ಮರಣದಂಡನೆ ವಿಧಿಸಿತು.

ನೂರು ವರ್ಷಗಳ ಬಳಿಕ ಅಮೆರಿಕದಲ್ಲಿ ಆಟ್‌ವಾಟರ್ ಮತ್ತು ರೋಸಾ ಅವರು ಮನುಷ್ಯನೊಬ್ಬ ಒಳಗೇ ವಾಸಿಸಬಹುದಾದ ಅಳತೆಯ ಕೋಣೆಯನ್ನು ಕಟ್ಟಿದರು. ಕೋಣೆಯ ಲೆಕ್ಕ ಸರಿಯೇ ಎಂದು ತಿಳಿಯಲು ಒಳಗೆ ನಿರ್ದಿಷ್ಟ ಪ್ರಮಾಣದ ಆಲ್ಕೋಹಾಲನ್ನು ಉರಿಸಿ ಶಾಖವನ್ನು ತಾಳೆ ನೋಡುತ್ತಿದ್ದರು. ಮನುಷ್ಯನನ್ನು ಅಳೆಯುವ ಮೊದಲು ಯಂತ್ರವನ್ನೇ ಅಳೆಯುವ ಈ ಪ್ರಾಮಾಣಿಕತೆ ನನಗೆ ಬಹಳ ಇಷ್ಟ.

ಯಂತ್ರ ಸರಿಯಿದ್ದರೆ ಸಾಲದು, ಅಳೆಸಿಕೊಳ್ಳುವವರೂ ಸಿದ್ಧರಾಗಿರಬೇಕು. ಸುಮಾರು ಹನ್ನೆರಡು ಗಂಟೆ ಏನೂ ತಿಂದಿರಬಾರದು. (ರಂಝಾನ್ ಉಪವಾಸ ಹಿಡಿಯುವವರಿಗೆ ಇದೇನು ಕಷ್ಟವಲ್ಲ!) ನಿದ್ದೆ ಮಾಡದೆ, ಅಲುಗಾಡದೆ, ಗಾಬರಿಯಿಲ್ಲದೆ, ಚಳಿಯೂ ಸೆಕೆಯೂ ಇಲ್ಲದ ಕೋಣೆಯಲ್ಲಿ ಮಲಗಿರಬೇಕು. ಬಳಸಿದ ಒಂದು ಲೀಟರ್ ಆಮ್ಲಜನಕಕ್ಕೆ ಸುಮಾರು 4.8 ಕಿಲೋಕ್ಯಾಲೊರಿ. ನಿಮಿಷಕ್ಕೆ 250 ಮಿಲಿಲೀಟರ್ ಬಳಸುವವರಿಗೆ ದಿನಕ್ಕೆ ಎಷ್ಟಾಯಿತು? ಲೆಕ್ಕ ಹಾಕಿ ನೋಡಿ: 1,728. ಮುಖವಾಡದಲ್ಲಿ ಸ್ವಲ್ಪ ಗಾಳಿ ಸೋರಿದರೂ ಈ ಉತ್ತರ ತಪ್ಪುತ್ತದೆ.

ಪ್ರತಿಯೊಬ್ಬರನ್ನೂ ಹೀಗೆ ಅಳೆಯಲು ಸಾಧ್ಯವಿಲ್ಲವಲ್ಲ? ಆದ್ದರಿಂದ ಸೂತ್ರಗಳು ಬಂದವು. 1919ರಲ್ಲಿ ಹ್ಯಾರಿಸ್ ಮತ್ತು ಬೆನೆಡಿಕ್ಟ್ ಅವರು 136 ಗಂಡಸರು ಮತ್ತು 103 ಹೆಂಗಸರ ಅಳತೆಯಿಂದ, ತೂಕ, ಎತ್ತರ, ವಯಸ್ಸು ತಿಳಿದರೆ ಶಕ್ತಿ ಹೇಳುವ ಸೂತ್ರ ಕೊಟ್ಟರು. 1985ರ ಸ್ಕೋಫೀಲ್ಡ್ ಸೂತ್ರಕ್ಕೆ ಏಳು ಸಾವಿರಕ್ಕೂ ಹೆಚ್ಚು ಅಳತೆಗಳ ಆಧಾರವಿತ್ತು. ಆದರೆ ಅವುಗಳಲ್ಲಿ ಅರ್ಧದ ಹತ್ತಿರ ಇಟಲಿಯವರದು! ಲೋಕದ ಬಡವನಿಗೆ ಎಷ್ಟು ಅನ್ನ ಬೇಕೆಂದು ತೀರ್ಮಾನಿಸುವ ಲೆಕ್ಕದಲ್ಲಿ ಆ ಬಡವನ ಅಳತೆ ಎಷ್ಟಿತ್ತು, ನೀವೇ ಯೋಚಿಸಿ.

ಇಲ್ಲಿ ನಮ್ಮ ಬೆಂಗಳೂರಿನ ಪಾತ್ರ ದೊಡ್ಡದು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಸೋರ್ಸ್, ಫ್ರಾನ್ಸಿಸ್ ಮತ್ತು ಶೆಟ್ಟಿ ಅವರು ಭಾರತೀಯ ಗಂಡಸರನ್ನು ನೇರವಾಗಿ ಅಳೆದು 1993ರಲ್ಲಿ ಪ್ರತ್ಯೇಕ ಸೂತ್ರ ಪ್ರಕಟಿಸಿದರು. ಸ್ಕೋಫೀಲ್ಡ್ ಸೂತ್ರ ನಮ್ಮವರಿಗೆ ಹೆಚ್ಚು ತೋರಿಸುತ್ತಿತ್ತು. ಹಾಗಾದರೆ ನಮ್ಮ ಜನಾಂಗದ ದೇಹವೇ ಬೇರೆಯೇ? ಕೆಲವರು ಹಾಗೆಂದೇ ಭಾವಿಸಿದ್ದರು. ಆದರೆ 1998ರಲ್ಲಿ ಸೋರ್ಸ್, ಶೆಟ್ಟಿ ಮತ್ತು ಸಂಗಡಿಗರು ಭಾರತ ಹಾಗೂ ಆಸ್ಟ್ರೇಲಿಯಾದ ಅಳತೆಗಳನ್ನು ಜೊತೆಗಿಟ್ಟು ನೋಡಿದರು. ದೇಹದಲ್ಲಿ ಕೊಬ್ಬೆಷ್ಟು, ಕೊಬ್ಬಲ್ಲದ ಭಾಗವೆಷ್ಟು ಎಂಬುದನ್ನು ಲೆಕ್ಕಕ್ಕೆ ಸೇರಿಸಿದಾಗ ಜನಾಂಗದ ವ್ಯತ್ಯಾಸಕ್ಕೆ ಯಾವ ಪುರಾವೆಯೂ ಉಳಿಯಲಿಲ್ಲ.