65,536ನೇ ಸಾಲಿನ ಆಚೆ ಏನಾಯಿತು?

ಇವತ್ತು ನಾನು ಹೇಳೋಕೆ ಹೊರಟಿರೋದು ಒಂದು ಸಂಖ್ಯೆಯ ಕಥೆ: 65,536. 2020ರಲ್ಲಿ ಬ್ರಿಟನ್ನಿನ ದಿನದ ಕೋವಿಡ್ ಲೆಕ್ಕದಿಂದ 15,841 ಪ್ರಕರಣಗಳು ಬಿಟ್ಟುಹೋದದ್ದರ ಹಿಂದೆ ಇದ್ದದ್ದು ಇದೇ ಸಂಖ್ಯೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಎಕ್ಸೆಲ್ 97 ಬಂದಾಗ ಅದರ ಡಾಟ್ ಎಕ್ಸ್‌ಎಲ್‌ಎಸ್ ಫೈಲ್‌ನಲ್ಲಿ ಒಂದು ಹಾಳೆಗೆ 65,536 ಸಾಲು ಹಿಡಿಯುತ್ತಿತ್ತು. ಯಾಕೆ ಅಷ್ಟೇ? ಸಾಲಿನ ಸಂಖ್ಯೆ ಬರೆದಿಡಲು ಫೈಲ್‌ನೊಳಗೆ ಕೊಟ್ಟಿದ್ದ ಜಾಗ 16 ಬಿಟ್. ಅದರಲ್ಲಿ ಅಷ್ಟೇ ಸಂಖ್ಯೆಗಳು ಹಿಡಿಯೋದು. ಆ ಕಾಲಕ್ಕೆ ಅದೇ ಧಾರಾಳ. ಎಕ್ಸೆಲ್ 95ರಲ್ಲಿ ಇದ್ದದ್ದು ಬರೀ 16,384 ಸಾಲು.

ಎಕ್ಸೆಲ್ 2007ರ ಜೊತೆ ಡಾಟ್ ಎಕ್ಸ್‌ಎಲ್‌ಎಸ್‌ಎಕ್ಸ್ ಬಂತು. ಹೆಸರಿನ ಕೊನೆಗೆ ಸೇರಿದ್ದು ಒಂದೇ ಅಕ್ಷರ, ಒಳಗೆ ಬದಲಾಗಿದ್ದು ಎಲ್ಲವೂ. ಹಳೆಯದು ಬೈನರಿ ಫೈಲ್. ಹೊಸದು ಎಕ್ಸ್‌ಎಂಎಲ್ ಫೈಲ್‌ಗಳನ್ನು ಜಿಪ್ ಮಾಡಿ ಕಟ್ಟಿದ ಗಂಟು. ಸಾಲುಗಳ ಮಿತಿ 10,48,576ಕ್ಕೆ ಏರಿತು.

ಇಲ್ಲಿ ಕಷ್ಟಕ್ಕೆ ಸಿಕ್ಕಿದ್ದು ಸಾಫ್ಟ್‌ವೇರ್ ಲೈಬ್ರರಿಗಳು. ಲೈಬ್ರರಿ ಅಂದ್ರೆ ಬೇರೆಯವರು ಬರೆದಿಟ್ಟ, ನಾವು ನಮ್ಮ ಪ್ರೋಗ್ರಾಮ್‌ಗೆ ಸೇರಿಸಿಕೊಳ್ಳಬಹುದಾದ ಕೋಡ್. ಜಾವಾದಲ್ಲಿ ಎಕ್ಸೆಲ್ ಫೈಲ್ ಓದಲು, ಬರೆಯಲು ಅಪಾಚೆ ಪಿಓಐ ಅನ್ನೋ ಲೈಬ್ರರಿ ಇದೆ. ಹಳೆಯ ಫೈಲ್ ಓದುವ ಭಾಗಕ್ಕೆ ಅದನ್ನು ಕಟ್ಟಿದವರು ಇಟ್ಟ ಹೆಸರು ಎಚ್‌ಎಸ್‌ಎಸ್‌ಎಫ್, ಹಾರಿಬಲ್ ಸ್ಪ್ರೆಡ್‌ಶೀಟ್ ಫಾರ್ಮ್ಯಾಟ್! ತಮಾಷೆಯ ಹೆಸರು, ಆದ್ರೆ ಅವರು ಪಟ್ಟ ಪಾಡು ಅದರಲ್ಲೇ ಗೊತ್ತಾಗುತ್ತೆ. ಮೈಕ್ರೋಸಾಫ್ಟ್ ಈ ಬೈನರಿ ಫಾರ್ಮ್ಯಾಟ್‌ಗಳ ವಿವರಣೆಯನ್ನು ಎಲ್ಲರಿಗೂ ಮುಕ್ತವಾಗಿ ಪ್ರಕಟಿಸಿದ್ದು 2008ರಲ್ಲಿ. ಹೊಸ ಫೈಲ್‌ಗೆ ಎಕ್ಸ್‌ಎಸ್‌ಎಸ್‌ಎಫ್ ಅನ್ನೋ ಬೇರೆಯದೇ ಭಾಗ ಬರೆಯಬೇಕಾಯಿತು; ಅದು 2009ರಲ್ಲಿ ಪಿಓಐ 3.5ರ ಜೊತೆ ಬಂತು.

ಎಚ್‌ಎಸ್‌ಎಸ್‌ಎಫ್‌ಗೆ ಒಂದು ಒಳ್ಳೆಯ ಗುಣ ಇದೆ. ಮಿತಿ ಮೀರಿ ಇನ್ನೊಂದು ಸಾಲು ಬರೆಯಲು ಹೋದರೆ ಅದು ಎರರ್ ಕೊಟ್ಟು ಅಲ್ಲೇ ನಿಲ್ಲುತ್ತೆ.

ಇಂಗ್ಲೆಂಡಿನಲ್ಲಿ ಹಾಗೆ ಯಾರೂ ತಡೆಯಲಿಲ್ಲ. ಲ್ಯಾಬ್‌ಗಳು ಕಳಿಸಿದ ಫಲಿತಾಂಶಗಳನ್ನು ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಸಂಸ್ಥೆಯ ವ್ಯವಸ್ಥೆ ತಾನಾಗಿಯೇ ಹಳೆಯ ಎಕ್ಸ್‌ಎಲ್‌ಎಸ್ ಫೈಲ್‌ಗಳಿಗೆ ತುಂಬುತ್ತಿತ್ತು. ಒಂದೊಂದು ಪ್ರಕರಣಕ್ಕೂ ಹಲವು ಸಾಲು ಬೇಕಿತ್ತು. ಹಾಗಾಗಿ ಬಿಬಿಸಿ ವರದಿ ಪ್ರಕಾರ, ಒಂದು ಫೈಲ್‌ನಲ್ಲಿ ಹಿಡಿಯುತ್ತಿದ್ದದ್ದು ಸುಮಾರು 1,400 ಪ್ರಕರಣ. ಆಮೇಲಿನವು ಸದ್ದಿಲ್ಲದೆ ಹೊರಗುಳಿದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ ಹೀಗೇ ನಡೆಯಿತು. ಪಾಸಿಟಿವ್ ಬಂದವರಿಗೆ ರಿಪೋರ್ಟ್ ಸಿಕ್ಕಿತ್ತು. ಆದರೆ ಅವರ ಸಂಪರ್ಕದಲ್ಲಿದ್ದವರನ್ನು ಹುಡುಕುವ ತಂಡಕ್ಕೆ ಮಾಹಿತಿ ತಲುಪಿದ್ದು ತಡವಾಗಿ. ಅಷ್ಟರಲ್ಲಿ ಆ ಜನ ಬಸ್ಸು, ಆಫೀಸು, ಮನೆ ಅಂತ ಓಡಾಡಿಕೊಂಡೇ ಇದ್ದಿರಬಹುದು, ಅಲ್ವಾ?

ಅದೇ ವರ್ಷದ ಡಿಸೆಂಬರ್‌ನಲ್ಲಿ ಇನ್ನೊಂದು ಘಟನೆ. ಪೈಥಾನ್‌ನ ಎಕ್ಸ್‌ಎಲ್‌ಆರ್‌ಡಿ ಲೈಬ್ರರಿ ತನ್ನ 2.0 ಆವೃತ್ತಿಯಲ್ಲಿ ಹೊಸ ಎಕ್ಸ್‌ಎಲ್‌ಎಸ್‌ಎಕ್ಸ್ ಓದುವುದನ್ನೇ ಕೈಬಿಟ್ಟು, ಹಳೆಯ ಎಕ್ಸ್‌ಎಲ್‌ಎಸ್ ಒಂದನ್ನೇ ಉಳಿಸಿಕೊಂಡಿತು. ನಿನ್ನೆ ಓಡುತ್ತಿದ್ದ ಎಷ್ಟೋ ಪ್ರೋಗ್ರಾಮ್‌ಗಳು ಲೈಬ್ರರಿ ಅಪ್‌ಡೇಟ್ ಆದ ಕೂಡಲೇ ನಿಂತವು. ಜನ ಸಿಟ್ಟಾದರು. ಆದರೆ ಪರದೆ ಮೇಲೆ ಎರರ್ ಕಾಣಿಸಿತ್ತು. ಓಪನ್‌ಪೈಎಕ್ಸ್‌ಎಲ್ ಅನ್ನೋ ಬೇರೆ ಲೈಬ್ರರಿಗೆ ಬದಲಾದರು, ಕೆಲಸ ಮುಂದುವರಿಯಿತು.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಅನಿಸೋದು ಇಷ್ಟು. ಫಾರ್ಮ್ಯಾಟ್‌ಗಳು ಹಳತಾಗುತ್ತವೆ, ಲೈಬ್ರರಿಗಳು ಕೈಬಿಡುತ್ತವೆ, ಅದನ್ನು ತಪ್ಪಿಸೋಕಾಗಲ್ಲ. ನನಗಾಗಲ್ಲ ಅಂತ ಜೋರಾಗಿ ಹೇಳುವ ಸಾಫ್ಟ್‌ವೇರ್ ನಮ್ಮ ಒಂದು ದಿನ ಹಾಳುಮಾಡಬಹುದು, ಅಷ್ಟೇ. ಎಲ್ಲ ಸರಿಯಾಗಿದೆ ಅನ್ನೋ ಹಾಗೆ ಸುಮ್ಮನಿರುವ ಸಾಫ್ಟ್‌ವೇರ್ ಜನರನ್ನೇ ಲೆಕ್ಕದಿಂದ ಬಿಟ್ಟುಬಿಡುತ್ತೆ. ನೀವು ಕೋಡ್ ಬರೆಯುವವರಾದರೆ ಒಂದು ಕೆಲಸ ಮಾಡಿ: ಒಳಗೆ ಹೋದ ಸಾಲೆಷ್ಟು, ಹೊರಗೆ ಬಂದ ಸಾಲೆಷ್ಟು, ಎಣಿಸಿ ನೋಡಿ.