ಕೊಯ್ನಾ ಅಣೆಕಟ್ಟು: ಒಂದು ನದಿ, ಎರಡು ದಿಕ್ಕು

ಠಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿಗಳ ಕನ್ನಡಿಗರ ಇತಿಹಾಸವನ್ನು ನಾವು ಸಾಮಾನ್ಯವಾಗಿ ರೈಲುಮಾರ್ಗ, ಹೋಟೆಲು, ಕಾರ್ಖಾನೆ, ಸಂಘಸಂಸ್ಥೆಗಳ ಮೂಲಕ ಬರೆಯುತ್ತ ಬಂದಿದ್ದೇವೆ. ಇವೆಲ್ಲಕ್ಕೂ ಆಧಾರವಾದ ವಿದ್ಯುತ್ತಿನ ಮೂಲವನ್ನು ಶೋಧಿಸಿದವರು ವಿರಳ. ಆ ಮೂಲಗಳಲ್ಲಿ ಮುಖ್ಯವಾದ ಕೊಯ್ನಾ ಯೋಜನೆಯು ಕನ್ನಡನಾಡಿನ ಚರಿತ್ರೆಗೂ ಸಂಬಂಧಿಸಿದ್ದೆಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮಹಾಬಳೇಶ್ವರದ ಬಳಿ ಹುಟ್ಟುವ ಕೊಯ್ನಾ ನದಿಯು ಸಹ್ಯಾದ್ರಿಯ ಸಾಲಿಗೆ ಸಮಾನಾಂತರವಾಗಿ ದಕ್ಷಿಣಕ್ಕೆ ಹರಿದು, ಅನಂತರ ಪೂರ್ವಕ್ಕೆ ತಿರುಗಿ, ಕರಾಡದಲ್ಲಿ ಕೃಷ್ಣೆಯನ್ನು ಸೇರುತ್ತದೆ. 1964ರಲ್ಲಿ ಪೂರ್ಣಗೊಂಡ ಇಲ್ಲಿನ ಅಣೆಕಟ್ಟು ಸುಮಾರು 103 ಮೀಟರ್ ಎತ್ತರದ, ಕಲ್ಲು-ಕಾಂಕ್ರೀಟಿನ ಭಾರಾಶ್ರಿತ ಕಟ್ಟೆ. ನೀರಿನ ಒತ್ತಡವನ್ನು ಅದು ತನ್ನ ತೂಕದಿಂದಲೇ ತಡೆಯುತ್ತದೆ. 1967ರ ಡಿಸೆಂಬರ್ 11ರ ಬೆಳಗಿನ ಜಾವದ ಭೂಕಂಪದಲ್ಲಿ ಸುಮಾರು 180 ಜನ ಮಡಿದರು. ಕಟ್ಟೆಯ ಮೇಲ್ಭಾಗದಲ್ಲಿ ಬಿರುಕುಗಳು ಮೂಡಿದರೂ ಅದು ಒಡೆಯಲಿಲ್ಲ. ತರುವಾಯ ಅದನ್ನು ಆಧಾರಗೋಡೆಗಳಿಂದ ಬಲಪಡಿಸಲಾಯಿತು.

ಈ ಯೋಜನೆಯ ವೈಶಿಷ್ಟ್ಯವಿರುವುದು ನೀರು ಹೋಗುವ ದಿಕ್ಕಿನಲ್ಲಿ. ಪೂರ್ವಕ್ಕೆ ನದಿಯ ಇಳಿಜಾರು ಕಡಿಮೆ. ಪಶ್ಚಿಮಕ್ಕಾದರೋ ಘಟ್ಟವು 400 ಮೀಟರಿಗೂ ಹೆಚ್ಚು ಕುಸಿದಿದೆ. ಆದುದರಿಂದ ಜಲಾಶಯದ ನೀರನ್ನು ಸುರಂಗದ ಮೂಲಕ ಪೋಫಳಿಯ ಭೂಗತ ವಿದ್ಯುದಾಗಾರಕ್ಕೆ ಇಳಿಸಲಾಯಿತು. ಅಲ್ಲಿಂದ ಹೊರಬಿದ್ದ ನೀರು ವಾಶಿಷ್ಠಿಯನ್ನು ಸೇರಿ ಅರಬ್ಬೀ ಸಮುದ್ರದ ಪಾಲಾಗುತ್ತದೆ, ಕೃಷ್ಣೆಗೆ ಮರಳುವುದಿಲ್ಲ.

ಪೋಫಳಿಯಲ್ಲಿ ಉತ್ಪಾದನೆ ಆರಂಭವಾದ 1962ರಲ್ಲಿಯೇ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವೂ ಸ್ಥಾಪನೆಗೊಂಡಿತು. ಠಾಣೆಯ ವಾಗಳೆ ಎಸ್ಟೇಟ್, ಠಾಣೆ-ಬೇಲಾಪುರ ಪಟ್ಟಿ, ಡೊಂಬಿವಲಿಗಳ ಕೈಗಾರಿಕೆಗಳು ಬೆಳೆದುದು ಈ ಕಾಲಘಟ್ಟದಲ್ಲಿ. 1970ರಲ್ಲಿ ನವಿಮುಂಬಯಿಯ ನಿರ್ಮಾಣಕ್ಕಾಗಿ ಸಿಡ್ಕೋ ಹುಟ್ಟಿತು. ಈ ಬೆಳವಣಿಗೆಗೆ ಕೊಯ್ನಾ ಒಂದೇ ಕಾರಣವೆನ್ನಲಾಗದು. ಆದರೆ ಅದನ್ನು ಬಿಟ್ಟು ಈ ಕಥೆಯನ್ನು ಹೇಳಲೂ ಆಗದು.

ಯೋಜನೆ ರೂಪುಗೊಂಡ ಕಾಲದಲ್ಲಿ ಬೆಳಗಾವಿ, ಬಿಜಾಪುರ ಜಿಲ್ಲೆಗಳೂ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಪಶ್ಚಿಮಕ್ಕೆ ತಿರುಗಿದ ನೀರು ಆಗ ಒಂದೇ ಆಡಳಿತದೊಳಗಿನ ವಿಷಯವಾಗಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಿಂದ ಅದು ಎರಡು ರಾಜ್ಯಗಳ ವ್ಯಾಜ್ಯವಾಯಿತು. ಕೊಯ್ನಾ ಕಟ್ಟೆ ಮುಗಿದ 1964ರಲ್ಲಿಯೇ, ಮೇ 22ರಂದು, ಕರ್ನಾಟಕದ ಕೃಷ್ಣಾ ಮೇಲ್ದಂಡೆ ಯೋಜನೆಗೆ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟರು.

1969ರಲ್ಲಿ ರಚಿತವಾದ ಬಚಾವತ್ ನ್ಯಾಯಾಧಿಕರಣವು ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಪ್ರದೇಶಕ್ಕೆ 800 ಟಿಎಂಸಿ ನೀರನ್ನು ಹಂಚಿತು. ಕೊಯ್ನಾದಿಂದ ಪಶ್ಚಿಮಕ್ಕೆ ಹೋಗುವ ನೀರನ್ನು ಅದು ನಿಲ್ಲಿಸಲಿಲ್ಲ. ಮಹಾರಾಷ್ಟ್ರದ ಪಾಲಿನಲ್ಲಿಯೇ ಎಣಿಸಿ, ಹಂತಹಂತವಾಗಿ ಇಳಿಸುತ್ತ ವರ್ಷಕ್ಕೆ 67.5 ಟಿಎಂಸಿಗೆ ಮಿತಿಗೊಳಿಸಿತು. ಹೀಗಾಗಿ ಇದನ್ನು ನೀರಿನ ಅಪಹರಣವೆಂದು ಕರೆಯುವುದು ಸರಿಯಲ್ಲ. ಬೆಳಕಿನ ಅಗತ್ಯ ಮತ್ತು ಬೇಸಾಯದ ಅಗತ್ಯಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿದ ತೀರ್ಪು ಇದು. ಶತಮಾನದ ಕೊನೆಗೆ ಬಂದ 1000 ಮೆಗಾವ್ಯಾಟಿನ ನಾಲ್ಕನೆಯ ಹಂತವು, ಬೇಡಿಕೆ ಏರುವ ಹೊತ್ತಿಗೆ ಹೆಚ್ಚು ವಿದ್ಯುತ್ತನ್ನು ಒದಗಿಸುವ ದಾರಿಯಾಯಿತು.

ವಿಜಯಪುರದ ಕಡೆಯಿಂದ ಠಾಣೆ, ಕಲ್ಯಾಣಗಳಿಗೆ ದುಡಿಮೆ ಅರಸಿ ಬಂದ ಕುಟುಂಬಕ್ಕೆ ಈ ತಕ್ಕಡಿಯ ಎರಡು ತಟ್ಟೆಗಳೂ ತನ್ನವೇ. ಊರಿನ ಹೊಲ ಕಾಯುವುದು ಕೃಷ್ಣೆಯನ್ನು. ನಗರದ ದೀಪಕ್ಕೆ ಬೇಕಾದದ್ದು ಅದೇ ಕೃಷ್ಣೆಯ ಉಪನದಿ. ಕೊಯ್ನಾ ಕಣಿವೆಯಲ್ಲಿ ಮನೆಮಠ ಕಳೆದುಕೊಂಡ ಮರಾಠಿ ಕುಟುಂಬಗಳಲ್ಲಿ ಕೆಲವು ಠಾಣೆ, ರಾಯಗಡ ಜಿಲ್ಲೆಗಳಲ್ಲಿ ನೆಲೆಸಿದವು. ಆಲಮಟ್ಟಿಯ ಹಿನ್ನೀರಿಗೆ ಬಾಗಲಕೋಟೆಯ ಜನವೂ ನೆಲ ಬಿಟ್ಟುಕೊಟ್ಟರು. ಹೊರನಾಡ ಕನ್ನಡಿಗರ ಚರಿತ್ರೆಯನ್ನು ಬರೆಯುವವರು ಈ ಎರಡು ಮುಳುಗಡೆಗಳನ್ನೂ ಜೊತೆಗಿಟ್ಟು ಓದಬೇಕು. ಭಾಷೆಯ ಗಡಿಯಲ್ಲಿ ನಿಂತುಬಿಡುವ ಅಧ್ಯಯನಕ್ಕೆ ಈ ನದಿಯ ಅರ್ಧ ಭಾಗವಷ್ಟೇ ಕಾಣುತ್ತದೆ.