ಉಡುತಡಿಯೂ ಚಂದ್ರಗುತ್ತಿಯೂ

ಶಿಕಾರಿಪುರ ಮತ್ತು ಸೊರಬ ನೆರೆಹೊರೆಯ ತಾಲ್ಲೂಕುಗಳು. ಮೊದಲನೆಯದರಲ್ಲಿ ಅಕ್ಕಮಹಾದೇವಿಯ ಜನ್ಮಸ್ಥಳವೆಂದು ಪ್ರಸಿದ್ಧವಾದ ಉಡುತಡಿಯಿದೆ. ಎರಡನೆಯದರಲ್ಲಿ ರೇಣುಕಾಂಬೆಯ ಗುಹಾಲಯವುಳ್ಳ ಚಂದ್ರಗುತ್ತಿಯಿದೆ. ಉಡುಗೆಯೆಂಬ ಲೋಕಮರ್ಯಾದೆಯನ್ನು ಮೀರಿದ ವೃತ್ತಾಂತವು ಎರಡು ಕಡೆಯೂ ಉಂಟು. ಹೊರನೋಟಕ್ಕೆ ಒಂದೇ ಎಂದು ತೋರುವ ಈ ಎರಡು ಅತಿಕ್ರಮಗಳು ನಿಜವಾಗಿಯೂ ಒಂದೆಯೇ ಎಂದು ವಿಚಾರಿಸುವುದು ಇಲ್ಲಿನ ಉದ್ದೇಶ.

ದಿಗಂಬರತ್ವವು ಈ ಸೀಮೆಗೆ ಅಪರಿಚಿತವಾಗಿರಲಿಲ್ಲ. ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನವು ಅಲ್ಲಿ ಅನ್ನ ಪಡೆಯುತ್ತಿದ್ದವರನ್ನು ಎಣಿಸುವಾಗ ದೀನರು, ಅನಾಥರು, ಗಾಯಕರು, ವಾದಕರು ಇವರೊಡನೆ ನಗ್ನರನ್ನೂ ಕ್ಷಪಣಕರನ್ನೂ ಹೆಸರಿಸುತ್ತದೆ. ಬೆತ್ತಲೆಯ ಸನ್ಯಾಸಿಗೂ ಆ ಸಮಾಜವು ಪಂಕ್ತಿಯಲ್ಲಿ ಎಡೆಯಿಟ್ಟಿದ್ದಿತು. ಆದರೆ ಅದು ಪುರುಷನಿಗೆ ಸಂದ ಎಡೆ.

ಆ ಶತಮಾನದಲ್ಲಿಯೇ ಉಡುತಡಿಯ ಮಹಾದೇವಿಯು ಕೌಶಿಕನೆಂಬ ಅರಸನನ್ನು ತೊರೆದು, ಕೇಶವನ್ನೇ ಹೊದಿಕೆಯಾಗಿಸಿಕೊಂಡು ಕಲ್ಯಾಣಕ್ಕೆ ನಡೆದಳು. ವಿವಾಹದ ವಿಷಯದಲ್ಲಿ ಕವಿಗಳೊಳಗೆ ಮತಭೇದವಿದ್ದರೂ ಅರಸನನ್ನು ತ್ಯಜಿಸಿದಳೆಂಬಲ್ಲಿ ಭೇದವಿಲ್ಲ. ಬಳ್ಳಿಗಾವೆಯಲ್ಲಿ ಮದ್ದಳೆ ಬಾರಿಸುತ್ತಿದ್ದನೆಂದು ಹರಿಹರನು ಹೇಳುವ ಅಲ್ಲಮನು, ಸೀರೆಯನ್ನು ಬಿಟ್ಟವಳು ಕೂದಲಿನಿಂದ ಮರೆಮಾಡಿಕೊಂಡುದೇಕೆಂದು ಅವಳನ್ನು ಪ್ರಶ್ನಿಸಿದ ಪ್ರಸಂಗವು ಶೂನ್ಯಸಂಪಾದನೆಯಲ್ಲಿದೆ. ಆ ಮರೆಯು ತನಗಾಗಿ ಅಲ್ಲ, ನೋಡುವವರ ನೋವನ್ನು ತಪ್ಪಿಸಲೆಂಬುದು ಅವಳ ಉತ್ತರದ ತಾತ್ಪರ್ಯ.

ಇನ್ನು ಚಂದ್ರಗುತ್ತಿ. ಮಾರ್ಚ್ ತಿಂಗಳ ಜಾತ್ರೆಯಲ್ಲಿ ಹರಕೆ ಹೊತ್ತವರು ವರದಾನದಿಯಲ್ಲಿ ಮಿಂದು, ಬೇವಿನ ಸೊಪ್ಪು ಹಿಡಿದು, ವಸ್ತ್ರವಿಲ್ಲದೆ ಗುಡ್ಡದ ಗುಡಿಗೆ ನಡೆಯುತ್ತಿದ್ದರು. ಇದೇ ಬೆತ್ತಲೆಸೇವೆ. ಹೀಗೆ ನಡೆದವರಲ್ಲಿ ಬಹುಮಂದಿ ಬಡವರು, ದಲಿತರು, ಹೆಂಗಸರು. ದಾರಿಯ ಇಕ್ಕೆಲದಲ್ಲಿ ನಿಂತವರಲ್ಲಿ ಛಾಯಾಚಿತ್ರ ತೆಗೆಯಬಂದವರೂ ಇದ್ದರು. ಇದು ತಮ್ಮ ಜನಕ್ಕೆ ಆಗುತ್ತಿರುವ ಅವಮಾನವೆಂದು ದಲಿತ ಸಂಘರ್ಷ ಸಮಿತಿಯವರು 1986ರಲ್ಲಿ ತಡೆಯಹೋದರು. ಜಾತ್ರೆಯ ಜನಸಮೂಹವು ಕೆರಳಿ ಕಾರ್ಯಕರ್ತರನ್ನೂ ಪತ್ರಕರ್ತರನ್ನೂ ಪೊಲೀಸರನ್ನೂ ಹೊಡೆಯಿತು. ಕೆಲವರ ಬಟ್ಟೆಯನ್ನೇ ಕಿತ್ತು ಬೆತ್ತಲೆ ನಡೆಸಿತು. ಬಳಿಕ ಸರ್ಕಾರವು ಆ ಸೇವೆಯನ್ನು ನಿಷೇಧಿಸಿತು.

ನಿಷೇಧವು ಯುಕ್ತವೆಂದೇ ನನ್ನ ಮತ. ಅರಸನ ಇಚ್ಛೆಗೆ ಒಲ್ಲೆನೆಂದು ತಾನಾಗಿ ಸೀಮೆಯನ್ನು ದಾಟುವುದು ಬೇರೆ. ರೋಗಭಯದಿಂದಲೋ ಹಿರಿಯರ ಹರಕೆಯಿಂದಲೋ ದಾಟಿಸಲ್ಪಡುವುದು ಬೇರೆ. ಮೊದಲನೆಯದು ಕಟ್ಟನ್ನು ಮುರಿಯುತ್ತದೆ. ಎರಡನೆಯದು ಮುರಿದಂತೆ ತೋರಿ ಅದನ್ನೇ ಬಿಗಿಗೊಳಿಸುತ್ತದೆ. ಅಕ್ಕನನ್ನು ಮುಂದಿಟ್ಟುಕೊಂಡು ಬೆತ್ತಲೆಸೇವೆಯನ್ನು ಸಮರ್ಥಿಸುವವರು ಈ ಅಂತರವನ್ನು ಮರೆಯುತ್ತಾರೆ.

ಆದರೂ ಒಂದು ಮಾತು ಮನಸ್ಸನ್ನು ಕೊರೆಯುತ್ತದೆ. ಅಲ್ಲಮನು ಅಕ್ಕನನ್ನು ನಿಷ್ಠುರವಾಗಿಯೇ ಕೇಳಿದನು. ಆದರೆ ಕೇಳಿದನು, ಅವಳ ಉತ್ತರಕ್ಕಾಗಿ ಕಾದನು. ಆದುದರಿಂದಲೇ ಆ ಉತ್ತರವು ನಮಗೆ ಉಳಿದಿದೆ. ಚಂದ್ರಗುತ್ತಿಯ ದಾರಿಯಲ್ಲಿ ನಡೆದ ಹೆಂಗಸರ ಚಿತ್ರಗಳನ್ನು ಲೋಕವು ಕಂಡಿತು. ಅವರ ಪರವಾಗಿಯೂ ವಿರೋಧವಾಗಿಯೂ ಪಂಡಿತರು ಬರೆದರು. ಅವರ ಉತ್ತರವನ್ನು ಮಾತ್ರ ನಾನು ಎಲ್ಲಿಯೂ ಓದಲಿಲ್ಲ. ಆ ದಾರಿಯನ್ನು ನಡೆದ ವೃದ್ಧೆಯರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇರಬಹುದು. ಇತಿಹಾಸಾಸಕ್ತರಾದ ತರುಣರು ಅವರ ಬಳಿಗೆ ಹೋಗಿ, ಅವರು ಒಪ್ಪಿದರೆ, ವಿನಯದಿಂದ ಕೇಳಿ ಬರೆದಿಡಬೇಕು.